ಮಾವನ ಹೀಬ್ರೂ ಕವಿ

ಇಸವಿಗಳು ಒಂದೆರಡು ವರ್ಷ ಆಚೀಚೆ ಆಗಿರಬಹುದು. ಮಾವನ ಶರಟಿನ ನೀಲಿ ಬಣ್ಣವಂತೂ ಆಮೇಲೆ ನಾನೇ ಹಚ್ಚಿಕೊಂಡದ್ದಿರಬೇಕು. ಆದರೆ ಅವರ ಕೈ ಮಾತ್ರ ನಿಜ: ನಂಜನಗೂಡಿನ ನಮ್ಮ ಮನೆಯ ಜಗಲಿಯ ಕಲ್ಲಿನ ಮೇಲೆ ಸೀಮೆಸುಣ್ಣ ಹಿಡಿದು ಬಲದಿಂದ ಎಡಕ್ಕೆ ಬರೆಯುತ್ತ ಹೋಗುತ್ತಿದ್ದ ಕೈ.

ಶಿವಲಿಂಗಪ್ಪ ಮಾವ ಅಮ್ಮನ ತಮ್ಮ. ತಿ. ನರಸೀಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ತೊಂಬತ್ತರ ದಶಕದಲ್ಲಿ, ಎಲ್ಲಿಂದಲೋ ತಂದ ಹರಕು ಪುಸ್ತಕವೊಂದನ್ನು ಇಟ್ಟುಕೊಂಡು ತಾವೇ ಹೀಬ್ರೂ ಕಲಿತರು. ಭಾನುವಾರ ಬಸ್ಸಿಳಿದು ಬಂದವರೇ ಜಗಲಿಯ ಮೇಲೆ ಶುರು.

“ಉರ್ದು ಕಲ್ತುಬುಟ್ರಾ ಸಾ?” ಎಂದು ಪಕ್ಕದ ಮನೆಯ ಬಸವಣ್ಣ ಕೇಳಿದ್ದ.

“ಉರ್ದು ಅಲ್ಲ ಕಣಯ್ಯ, ಹೀಬ್ರೂ.”

“ಅದ್ರಲ್ಲಿ ಬೈದ್ರೆ ಯಾರ್ಗೂ ತಿಳಿಯಾಕಿಲ್ಲ. ಒಳ್ಳೇದೇ ಬುಡಿ!”

ನನಗೆ ಮಾವ ಹೇಳುತ್ತಿದ್ದದ್ದು ಬೇರೆ. “ಸಾವಿರಾರು ವರ್ಷ ದೇವ್ರಮನೇಲೇ ಇದ್ದ ಭಾಷೆ ಕಣಮ್ಮಿ. ಈ ಕಾಲದ ಕವಿಗಳು ಅದನ್ನ ಅಡುಗೆಮನೆಗೆ ಕರ್ಕೊಂಡ್ಬಂದು, ಪಾತ್ರೆ ತೊಳಿ ಅಂದ್ರು. ಬಸ್ ಟಿಕೇಟು, ಗಂಡಹೆಂಡ್ರ ಜಗಳ, ಯುದ್ಧಕ್ಕೋದ ಮಗ, ಎಲ್ಲಾನೂ ಅದ್ರಲ್ಲೇ.” ಇನ್ನೊಂದು ದಿನ: “ಅದ್ರಲ್ಲಿ ‘ನಾನು ಬರೀತೀನಿ’ ಅಂದ್ರೆ ಸಾಕು, ಬರೆಯೋದು ಹೆಂಗ್ಸೋ ಗಂಡ್ಸೋ ಗೊತ್ತಾಗೋಯ್ತದೆ. ನಮ್ ಕನ್ನಡ ಬಲೇ ಗುಟ್ಟಿಂದು!”

ಅಪ್ಪ ತೀರಿಕೊಂಡಾಗ ನಾನು ಪಿಯುಸಿಯಲ್ಲಿದ್ದೆ. ಆ ವರ್ಷ ನೋಟ್‌ಬುಕ್ಕೊಂದರಲ್ಲಿ ಪದ್ಯ ಬರೆಯತೊಡಗಿದೆ. ತೋರಿಸಿದ್ದು ಮಾವನಿಗೆ ಮಾತ್ರ. ಒಂದು ಪದ್ಯವನ್ನು ಎರಡು ಸಲ ಓದಿ ಅವರು ಕನ್ನಡಕ ತೆಗೆದರು. “ಇದು ನನ್ ತಾವ ಇರ್ಲಮ್ಮಿ” ಎಂದರು. ಹೆಮ್ಮೆಯಿಂದ ನೋಟ್‌ಬುಕ್ಕನ್ನೇ ಕೊಟ್ಟೆ.

ನನ್ನ ಎಂ.ಎ. ಮುಗಿದ ಮೇಲೆ, ಎರಡು ಸಾವಿರದ ಇಸವಿ ದಾಟಿದ್ದಾಗ, ಹೀಬ್ರೂ ಕವಿತೆಗಳ ಅವರ ಅನುವಾದ ಪುಸ್ತಕವಾಗಿ ಬಂತು. ನರಸೀಪುರದಲ್ಲಿ ಬಿಡುಗಡೆ. ಇಡೀ ಪುಸ್ತಕದ ಶುದ್ಧಪ್ರತಿ ಬರೆದುಕೊಟ್ಟಿದ್ದ ಅವರ ಹೆಂಡತಿ ಗೌರತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಯುದ್ಧದಿಂದ ಮರಳಿದ ಹೆಸರಿಲ್ಲದ ಯೋಧನೊಬ್ಬ ಸತ್ತ ಗೆಳೆಯನಿಗೆ ಬರೆದದ್ದೆಂದು ಹೇಳಿ ಮಾವ ಓದಿದರು:

ನಿನ್ನ ಅಂಗಿ ಒಗೆದು ಹರವುತ್ತೇನೆ.
ಗಾಳಿಗೆ ಅದು ತೋಳೆತ್ತುತ್ತದೆ,
ನನ್ನ ಕಡೆಗಲ್ಲ.

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಅದು ನನ್ನ ಅಪ್ಪನ ಅಂಗಿ. ಒಗೆದವಳು ನಾನು. ‘ಹರವುತ್ತೇನೆ’ ಎಂಬ ಕನ್ನಡದ ಮಾತಿನೊಳಗೆ ಹುಡುಗಿಯೊಬ್ಬಳಿರುವುದು ಯಾರಿಗೂ ಕಾಣಲಿಲ್ಲ. ಆ ಗುಟ್ಟು ಹೇಳಿಕೊಟ್ಟವರೇ ಅದರ ಉಪಯೋಗ ಪಡೆದಿದ್ದರು.

ಸಭೆ ಚದುರಿದ ಮೇಲೆ ಹೇಳಿದೆ: “ಮಾವ, ಅದು ನಂದು.”

ಅವರು ತಬ್ಬಿಬ್ಬಾಗಲಿಲ್ಲ. “ನಿಂದು ಅಂದಿದ್ರೆ ಯಾರಮ್ಮಿ ಕೇಳ್ತಿದ್ರು? ನಂಜನಗೂಡಿನ ಹುಡುಗಿ ಬಟ್ಟೆ ಒಣಗಾಕವ್ಳೆ ಅಂತಿದ್ರು. ಯೋಧ ಅಂದೆ, ಅತ್ರು ನೋಡು.”

“ನನ್ನ ನೋಟ್‌ಬುಕ್ ಕೊಡಿ.”

“ಎಲ್ಲೋಯ್ತೋ ಏನೋ. ಆದ್ರೂ ಕೊನೇ ಸಾಲು ನಾನಾಕಿದ್ದು ಕಣೆ. ನೀನು ತೋಳಿನ ತಾವೇ ನಿಲ್ಸಿದ್ದೆ.”

ಸುಳ್ಳು, ಸುಳ್ಳು ಎಂದು ಬಸ್ಸಿನುದ್ದಕ್ಕೂ ಹೇಳಿಕೊಂಡೆ. ಪದ್ಯ ಕದ್ದವರು ಒಂದು ಸಾಲಿಗೆ ಸುಳ್ಳು ಹೇಳಲಾರರೇ? ಆದರೆ ಆ ಸಾಲು ಬರೆದ ಗಳಿಗೆಯನ್ನು ನೆನಪಿನಲ್ಲಿ ಹುಡುಕಿದರೆ ಸಿಗುವುದು ನನ್ನ ಪೆನ್ನಲ್ಲ, ಮೈಕಿನಲ್ಲಿ ಓದುತ್ತಿದ್ದ ಮಾವನ ದನಿ. ಅದು ಅವರದೇ ಆಗಿದ್ದರೆ, ನಾನು ಬರೆದ ಪದ್ಯದಲ್ಲಿ ಅಪ್ಪನ ತೋಳು ಚಾಚಿದ್ದು ನನ್ನ ಕಡೆಗೇ ಇರಬಹುದು.

ಮತ್ತೆ ಮಾವನ ಮನೆಯ ಮೆಟ್ಟಿಲು ಹತ್ತಿದ್ದು ಅವರನ್ನು ಮಣ್ಣು ಮಾಡಿದ ದಿನ. ಕೇಳುವ ಹೊತ್ತಲ್ಲ, ಗೊತ್ತಿತ್ತು, ಆದರೂ ಗೌರತ್ತೆಯನ್ನು ಕೇಳಿದೆ. ಯಾರೋ ಕರೆದರೆಂದು ಅವರು ಎದ್ದು ಒಳಗೆ ಹೋದರು. ಯಾರೂ ಕರೆದಿರಲಿಲ್ಲ. ಆಮೇಲೆ ಎರಡು ಕಾಗದ ಬರೆದೆ, ಉತ್ತರವಿಲ್ಲ. ನಾನು ಕೇಳಿದ್ದು ಇಷ್ಟೇ:

“ಅತ್ತೆ, ನನ್ನ ನೋಟ್‌ಬುಕ್ ನೋಡಿ ನಕಲು ಮಾಡಿದೋರು ನೀವು. ಕೊನೇ ಸಾಲು ನನ್ನ ಅಕ್ಷರದಲ್ಲಿತ್ತಾ?”