ತೆರೆದುಬಿಟ್ಟ ಹಗೇವು

ಹಗೇವಿನ ಜೋಳದ ರೊಟ್ಟಿಗೆ ಒಂದು ವಾಸನೆ ಇರುತ್ತದೆ. ನೆಲದೊಳಗೆ ಗುಡಾಣದ ಆಕಾರದಲ್ಲಿ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದ ಕಣಜಕ್ಕೆ ನಮ್ಮ ಕಡೆ ಹಗೇವು ಎನ್ನುತ್ತಾರೆ; ವರ್ಷಗಟ್ಟಲೆ ಕತ್ತಲಲ್ಲಿ ಕೂತು ಬೆವೆತ ಆ ಜೋಳ ರೊಟ್ಟಿಯಾಗುವಾಗ, ಮುಗ್ಗು ಎನ್ನಲಾಗದ, ಘಮ ಎನ್ನಲೂ ಬಾರದ ಒಂದು ವಾಸನೆ ಹಂಚಿನಿಂದಲೇ ಏಳುತ್ತದೆ. ಹೊಸದಾಗಿ ಬಂದ ಸೊಸೆಯಂದಿರು ಮೂಗು ಮುರಿಯುತ್ತಿದ್ದರು. ನಮ್ಮ ಹಾನಗಲ್ಲಿನ ಮನೆಯಲ್ಲಿ ಅಜ್ಜ ಮಾತ್ರ ಆ ರೊಟ್ಟಿಗೆ ಬೆಣ್ಣೆಯೂ ಬೇಡ ಎನ್ನುತ್ತಿದ್ದ. ಆ ವಾಸನೆಯ ಬೆನ್ನು ಹತ್ತಿ ಹೋಗಿ ನಾನು ಮಾಡಿಬಂದ ಒಂದು ಘನಂದಾರಿ ಕೆಲಸವನ್ನು ನಿಮಗೆ ಹೇಳಬೇಕಾಗಿದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನ ಕಷ್ಟವೆಂದರೆ, ಕೇಳುವವರು ಹೋದ ಮೇಲೂ ಪಾಠ ಬಾಯಲ್ಲಿ ಉಳಿದಿರುವುದು. ಮನೆಯವರು ಎದ್ದು ಹೋಗತೊಡಗಿದಾಗ, ಎದ್ದು ಹೋಗಲಾರದ ಹಾಳೂರುಗಳನ್ನು ಹುಡುಕಿಕೊಂಡೆ. ದೊಡ್ಡ ಹಾಳುಗಳಿಗೆ ಹೇಗೋ ದಿಕ್ಕಿದೆ: ಬಂಕಾಪುರದ ಕೋಟೆಗೆ ನವಿಲುಗಳಿವೆ, ಅಬಲೂರಿನ ಗುಡಿಗೆ ಶಾಸನಗಳಿವೆ, ಸವಣೂರಿಗೆ ನವಾಬರ ನೆನಪಿದೆ. ಆದರೆ ಕಂದಾಯದ ಕಾಗದದಲ್ಲಿ ಹೆಸರಿದ್ದು, ಹೊಲಗಳಿಗೆ ನಂಬರೂ ಇದ್ದು, ನೆಲದ ಮೇಲೆ ಒಂದೇ ಒಂದು ಮನೆಯಿಲ್ಲದ ಸಣ್ಣ ಊರುಗಳೂ ಇವೆ. ದಫ್ತರದವರು ಅವನ್ನು ಬೇಚಿರಾಕ್ ಗ್ರಾಮ ಎನ್ನುತ್ತಾರೆ. ಪ್ಲೇಗಿಗೆ ಹೆದರಿಯೋ, ಬಾವಿ ಬತ್ತಿಯೋ, ಬಸ್ಸಿನ ರಸ್ತೆ ಎರಡು ಮೈಲಿ ಆಚೆ ಹಾಯಿತೆಂಬ ಕಾರಣಕ್ಕೋ ಖಾಲಿಯಾದವು ಅವು. ಯಾವ ಊರನ್ನೂ ಜನ ಒಂದೇ ದಿನ ಬಿಡುವುದಿಲ್ಲವೆಂಬುದನ್ನು ಅಲ್ಲಿ ಕಲಿತೆ. ಮೊದಲು ಬಾಗಿಲ ಚೌಕಟ್ಟು ಹೊರುತ್ತಾರೆ, ಆಮೇಲೆ ತೊಲೆ ಕಂಬ, ಕೊನೆಗೆ ದೇವರು. ಹಗೇವನ್ನು ಮಾತ್ರ ಹೊರಲು ಬರುವುದಿಲ್ಲವಾದ್ದರಿಂದ ಅದರ ಬಾಯಿ ಭದ್ರವಾಗಿ ಮುಚ್ಚಿ ಹೋಗುತ್ತಾರೆ.

ಈ ಸುತ್ತಾಟಗಳನ್ನು ಒಂದು ಸ್ಥಳೀಯ ವಾರಪತ್ರಿಕೆಗೆ ಬರೆಯುತ್ತಿದ್ದೆ. ಜನ ನನ್ನನ್ನು ಹಾಳೂರ ಮಾಸ್ತರ ಎಂದು ಕರೆಯತೊಡಗಿದರು, ಅದು ಚೇಷ್ಟೆಯೋ ಗೌರವವೋ ಎಂದು ಕೇಳುವ ಗೋಜಿಗೆ ನಾನು ಹೋಗಲಿಲ್ಲ.

ಈಚಿನ ಒಂದು ಬೇಸಿಗೆಯಲ್ಲಿ ಶಿಗ್ಗಾವಿ ತಾಲ್ಲೂಕಿನ ದುಂಡಸಿಯ ಆಚೆ, ಅಂಥದೇ ಒಂದು ಬೇಚಿರಾಕ್ ಊರಿಗೆ ಸ್ಕೂಟರಿನಲ್ಲಿ ಹೋದೆ. ಕುಸಿದ ಗೋಡೆಗಳ ನಡುವೆ ಕಾಲಿಗೆ ಒಂದು ಚಪ್ಪಡಿ ತಗಲಿತು. ಹಗೇವು! ನನ್ನ ಸಂಭ್ರಮ ಕೇಳಬೇಡಿ. ಬಿದ್ದಿದ್ದ ಗಳುವೊಂದನ್ನು ಸಂದಿಗೆ ಕೊಟ್ಟು, ಅರ್ಧ ಗಂಟೆ ಮೀಟಿ, ಚಪ್ಪಡಿಯನ್ನು ಪಕ್ಕಕ್ಕೆ ಉರುಳಿಸಿದೆ. ಒಳಗಿನಿಂದ ಅಜ್ಜನ ರೊಟ್ಟಿಯ ವಾಸನೆ ಎದ್ದು ಬಂತು, ಕಣ್ಣಲ್ಲಿ ನೀರೂ ಬಂತು. ಮೊಬೈಲಿನಲ್ಲಿ ಹತ್ತಾರು ಚಿತ್ರ ಹಿಡಿದೆ. ಮುಚ್ಚಲು ಹೋದಾಗ ಕಲ್ಲು ಮಿಸುಕಲಿಲ್ಲ, ಸೊಂಟ ಹಿಡಿದುಕೊಂಡಿತು, ಪಡುವಣದಲ್ಲಿ ಮೋಡವೂ ಏರುತ್ತಿತ್ತು. ತೆರೆದ ಹಗೇವನ್ನು ಹಾಗೇ ಬಿಡಬಾರದೆಂದು ನಮ್ಮ ಕಡೆ ಎಳೆಯ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ನಾಲ್ಕು ಜಾಲಿ ಟೊಂಗೆ ಮುರಿದು ಅಡ್ಡ ಹಾಕಿ, ಮೇಲೆ ಒಣಹುಲ್ಲು ಎಳೆದು, ಮರುವಾರ ಆಳು ಕರೆದುಕೊಂಡು ಬಂದು ಮುಚ್ಚಿಸಿದರಾಯಿತೆಂದು ಹೊರಟುಬಿಟ್ಟೆ. ಮರುವಾರ ಲೇಖನ ಬರೆಯುವುದಿತ್ತು. ಅದರಲ್ಲಿ ನಾನು ಕಲ್ಲು ತೆಗೆದ ಸಂಗತಿಯನ್ನು ಬಿಟ್ಟು, ನಮ್ಮ ಪೂರ್ವಜರ ಜಾಣ್ಮೆಯನ್ನು ಕೊಂಡಾಡಿ, ಈ ಊರಲ್ಲಿ ಇಂದು ನರಪಿಳ್ಳೆಯೂ ಸುಳಿಯುವುದಿಲ್ಲವೆಂದು ಬರೆದೆ, ಓದಿದವರು ಹೊಗಳಿದರು, ಹಗೇವು ಮರೆತೇಹೋಯಿತು.

ಮಳೆ ಬಿದ್ದ ಮೇಲೆ ಆ ಊರಿನ ಬೀಳಿನಲ್ಲೊಂದು ವೀರಗಲ್ಲು ಇದೆಯೆಂದು ಯಾರೋ ಹೇಳಿದ್ದರಿಂದ ಮತ್ತೆ ಹೋದೆ. ನರಪಿಳ್ಳೆ ಸುಳಿಯದ ಊರಿನಲ್ಲಿ ಒಬ್ಬ ಹೆಂಗಸು ಬದುವಿನ ಮೇಲೆ ಕೂತಿದ್ದಳು. ಹೆಸರು ಕೆಂಚವ್ವ. ಊರು ಖಾಲಿಯಾದಾಗ ಅವಳ ಕೇರಿಯವರೂ ದುಂಡಸಿಗೆ ಹೋದರಂತೆ, ಆದರೆ ಎರಡು ತುಂಡು ಹೊಲ ಇಲ್ಲೇ ಉಳಿದದ್ದರಿಂದ ದಿನವೂ ಎತ್ತು ಹೊಡೆದುಕೊಂಡು ಇಲ್ಲಿಗೇ ಬರುವವಳು. ಅವಳ ಪಕ್ಕದಲ್ಲಿ ಒಂದೇ ಎತ್ತಿತ್ತು. ಬಿತ್ತನೆಗೆ ಹೊರಟ ದಿನ ಅದರ ಜೊತೆಗಾರನ ಮುಂಗಾಲು ಹುಲ್ಲು ಮುಚ್ಚಿದ ಹಗೇವಿನ ಬಾಯಿಗೆ ಇಳಿದು ಮುರಿದಿತ್ತು. ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಬೀರಪ್ಪ ಓಡಿ ಬಂದು, ಹಗ್ಗ ಹಾಕಿ, ಎತ್ತನ್ನು ಎಬ್ಬಿಸಿದನಂತೆ. ಅದು ಬದುಕಿತು, ಇನ್ನು ನೊಗಕ್ಕೆ ಬರುವುದಿಲ್ಲ.

ಅವಳು ನನ್ನನ್ನು ಸುಮ್ಮನೆ ಒಂದು ಮಾತು ಕೇಳಿದಳು. ಇಂಥಾ ಊರೆಲ್ಲ ತಿರುಗುವವರು ನೀವು, ಆ ಕಲ್ಲು ಯಾರು ತೆಗೆದಿರಬಹುದು ಎಂದು. ಓದುಗರೇ, ಅಲ್ಲೇ, ಆ ಹೊತ್ತಿನಲ್ಲೇ, ನಾನು ತೆಗೆದೆ ಎಂದುಬಿಟ್ಟಿದ್ದರೆ ಈ ಬರಹಕ್ಕೆ ಕೆಲಸವಿರುತ್ತಿರಲಿಲ್ಲ. ನನ್ನ ನಾಲಿಗೆಗೆ ಮೂವತ್ತು ವರ್ಷ ಪಾಠ ಹೇಳಿ ಅಭ್ಯಾಸ. ಪ್ರಶ್ನೆ ಬಿದ್ದೊಡನೆ ಉತ್ತರ ಕೊಟ್ಟಿತು.

"ಕುರಿಯವರು ಏನರ ತೆಗೆದಿರಬೇಕು ನೋಡ್ರಿ" ಎಂದೆ.

ಇಷ್ಟೇ. ಹೆಸರು ಹೇಳಲಿಲ್ಲವೆಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡೆ. ಆದರೆ ಆ ಬೀಳಿನಲ್ಲಿ ಕುರಿ ಮೇಯಿಸುವವನು ಬೀರಪ್ಪನೊಬ್ಬನೇ, ಹೇಳಿದವನು ಮಾಸ್ತರ. ಎತ್ತನ್ನು ಎಬ್ಬಿಸಲು ಅವನೇಕೆ ಅಷ್ಟು ಅವಸರದಿಂದ ಓಡಿ ಬಂದ ಎಂಬುದೂ ಅವನ ಮೇಲೆಯೇ ತಿರುಗಿತಂತೆ. ಕೆಂಚವ್ವ ನಾಲ್ಕು ಜನರ ಮುಂದೆ ಅವನಿಗೆ ಬಾಯಿಗೆ ಬಂದಂತೆ ಅಂದಳು. ಗೊಬ್ಬರಕ್ಕೆಂದು ಹೊಲದಲ್ಲಿ ಅವನ ಹಿಂಡು ನಿಲ್ಲಿಸಿಕೊಳ್ಳುತ್ತಿದ್ದ ರೈತರು ಕರೆಯುವುದನ್ನು ಬಿಟ್ಟರು. ಇದೆಲ್ಲ ನನಗೆ ತಿಳಿದದ್ದು ದುಂಡಸಿಯ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ. ಅಂಗಡಿಯವನು ಕತೆ ಮುಗಿಸಿ, ಕಲಿತವರು ಹೇಳಿದ ಮೇಲೆ ಸುಳ್ಳಿರುತ್ತದೇನು ಎಂದು ನನ್ನನ್ನೇ ಕೇಳಿದ. ನಾನು ಚಹಾ ಕುಡಿದೆ. ಮನೆಗೆ ಬಂದು ವಾರಗಟ್ಟಲೆ ಸುಮ್ಮನಿದ್ದೆ, ನಡುವೆ ಹಿರೇಕೆರೂರಿನ ಕಡೆಯ ಇನ್ನೊಂದು ಹಾಳೂರಿನ ಬಗ್ಗೆ ಲೇಖನವನ್ನೂ ಬರೆದು ಕಳಿಸಿದೆ. ಸತ್ತ ಊರುಗಳ ಮೇಲಿನ ನನ್ನ ಕರುಣೆಗೆ ಕೊರತೆಯಿರಲಿಲ್ಲ. ಬದುಕಿದ್ದ ಒಬ್ಬ ಮನುಷ್ಯ ನನ್ನ ಒಂದು ವಾಕ್ಯಕ್ಕೆ ಸಿಕ್ಕು ಒದ್ದಾಡುತ್ತಿದ್ದುದನ್ನು ಮಾತ್ರ ತಿಳಿದೂ ತಿಳಿಯದವನಂತಿದ್ದೆ. ಆಮೇಲಾಮೇಲೆ ಊಟ ಸೇರದಾಯಿತು.

ಕೊನೆಗೊಂದು ಬೆಳಿಗ್ಗೆ ಹೋಗಿ ಕೆಂಚವ್ವನ ಮುಂದೆ ಎಲ್ಲವನ್ನೂ ಹೇಳಿದೆ. ಹೇಳುತ್ತಾ ನಡುವೆ ಪೂರ್ವಜರ ಹಗೇವು, ಅದನ್ನು ನೋಡುವ ಆಸೆ, ಎಂದೆಲ್ಲ ನೆಪಗಳನ್ನೂ ಸೇರಿಸಿದೆ. ಅವಳು ಕಳೆ ಕೀಳುವ ಕೈ ನಿಲ್ಲಿಸಿ ಕೇಳಿಸಿಕೊಂಡಳು.

"ಪೂರ್ವಜರು ಅಂದ್ರ ಯಾರ್ರಿ?" ಎಂದಳು. "ಅದನ್ನ ತೋಡಿದವರು ನಮ್ಮ ಮಾವನವರು. ಒಳಗ ಉಸಿರು ಕಟ್ಟಿ ಇಳದು ಜ್ವಾಳ ಮ್ಯಾಲ ಕೊಡ್ತಿದ್ದವರೂ ನಮ್ಮವರ. ಜ್ವಾಳ ನಮ್ಮದಿರಲಿಲ್ಲ. ನೀವು ಪೇಪರಿನ್ಯಾಗ ಇಲ್ಲಿ ಯಾರೂ ಇಲ್ಲ ಅಂತ ಬರದ್ರಿ."

ನನಗೆ ಅಜ್ಜ ತಿಂದದ್ದು ನೆನಪಿತ್ತೇ ಹೊರತು, ಅಜ್ಜನ ಹಗೇವಿಗೆ ಇಳಿಯುತ್ತಿದ್ದವನ ಹೆಸರು ಎಷ್ಟು ತಡಕಾಡಿದರೂ ಬರಲಿಲ್ಲ. ಎತ್ತಿಗೆ ಏನು ಮಾಡಬೇಕೋ ಮಾಡುತ್ತೇನೆ ಎಂದೆ. ಎತ್ತಿನ ಮಾತು ಆಮೇಲೆ ಆಡೋಣ, ಮೊದಲು ಮನುಷ್ಯನ ಮಾತು ಮುಗಿಯಲಿ ಎಂದು ಅವಳು ಕುಡಗೋಲು ಕೆಳಗಿಟ್ಟು ಎದ್ದಳು.

"ನಾ ಅವನ್ನ ಮಂದಿ ಮುಂದ ಅಂದೇನಿ ಸರ. ನೀವೂ ಮಂದಿ ಮುಂದ ಹೇಳ್ರಿ. ನಾನೂ ನಿಮ್ಮ ಬಾಜೂಕ ನಿಂದರ್ತೇನಿ."

ದುಂಡಸಿಯ ಅದೇ ಚಹಾದಂಗಡಿಯ ಮುಂದೆ ಕೆಂಚವ್ವ ಬೀರಪ್ಪನನ್ನು ಕರೆಸಿದಳು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಐವತ್ತರ ಆಳು, ಮತ್ತೆ ಬೈಸಿಕೊಳ್ಳಲು ಬಂದವನಂತೆ ಅಂಗಡಿಯಿಂದ ದೂರವೇ ನಿಂತ. ಸುತ್ತ ಎಂಟು ಹತ್ತು ಜನರಿದ್ದರು, ಕೆಲವರು ನನ್ನ ಲೇಖನ ಓದಿದವರು. ಸಾವಿರಾರು ಪಾಠ ಹೇಳಿದವನು ಎರಡು ವಾಕ್ಯ ಹೇಳಲು ತಡವರಿಸಿದೆ. ಕಲ್ಲು ತೆಗೆದವನು ನಾನು, ಹುಲ್ಲು ಮುಚ್ಚಿದವನೂ ನಾನು, ನಿನ್ನ ಮೇಲೆ ಹೇಳಿದವನೂ ನಾನೇ ಎಂದೆ. ಅಂಗಡಿಯವನು ಸ್ಟೋವ್ ಸಣ್ಣ ಮಾಡಿದ. ಬೀರಪ್ಪ ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಕಾದೆ. ಅವನ ಮುಖ ಸಡಿಲವಾಯಿತು.

"ಹಂಗಾರ ನಾ ಅಲ್ಲ" ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. "ಎಲ್ಲಾರೂ ಅಂದ ಮ್ಯಾಲ ನಾನ ಎಂದೋ ಸರಿಸಿ ಮರತೇನೇನೋ ಅಂತ ನನಗೂ ಅನಿಸಿಬಿಟ್ಟಿತ್ರಿ. ಯಾವ ದಿನ, ಯಾವಾಗ ಅಂತ ಎಣಿಸಿ ಎಣಿಸಿ ತಲಿ ಕೆಟ್ಟಿತ್ತು. ಹೇಳಿ ಉಳಿಸಿದ್ರಿ ಸರ, ದೊಡ್ಡ ಉಪಕಾರ ಆತು."

ಹಾಗೆಂದು, ಕಂಬಳಿಯನ್ನು ಹೆಗಲಿನಿಂದ ತೆಗೆದು, ಅಷ್ಟು ಜನರ ಮುಂದೆ ಅವನು ನನಗೆ ಕೈ ಮುಗಿದ. ಆ ಕೈಗಳನ್ನು ಹಿಡಿದು ಇಳಿಸಲು ನನಗೆ ಧೈರ್ಯವಾಗಲಿಲ್ಲ.