ಗೋದಲಿಯೊಳಗಿನ ರೊಟ್ಟಿ

ಕೊಂಕಲ್ ಸೀಮೆಗೆ ಕಾಲುವೆ ನೀರು ಬಂದ ಮೇಲೆ ಸಾಯಬಮ್ಮನಿಗೆ ವರ್ಷಕ್ಕೆರಡು ಸಲ ಭತ್ತದ ನಾಟಿ. ಅವಳು ಗದ್ದೆಗೆ ಹೋದರೆ ಮಗಳು ದೇವಕಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಹೊತ್ತು ಕಳೆಯುತ್ತಿದ್ದಳು. ಹುಟ್ಟಿನಿಂದ ಬುದ್ಧಿ ನಿಧಾನ. ಮೈನೆರೆದ ಹುಡುಗಿಗೆ ಒಂದು ತಂಬಿಗೆ ನೀರು ತುಂಬಲೂ ಮನೆಯವರು ಬಿಡುತ್ತಿರಲಿಲ್ಲ. ದೇವರಂಥ ಕೂಸು, ಅದಕ್ಕೇಕೆ ಕೆಲಸ ಎನ್ನುವಳು ಸಾಯಬಮ್ಮನ ಅತ್ತೆ ಹಣಮಂತಮ್ಮ. ಓಣಿಯವರೋ, ಬಿತ್ತುವ ಮುಂಚೆ ಬೀಜದ ಚೀಲಕ್ಕೆ ಅವಳ ಕೈ ಮುಟ್ಟಿಸಿಕೊಂಡು ಹೋಗುವರು. ಈ ದೇವರ ಮಾತು ಕಿವಿಗೆ ಬಿದ್ದರೆ ಸಾಯಬಮ್ಮನಿಗೆ ಮೈಯೆಲ್ಲ ಉರಿ. ನಾಳೆ ತಾನು ಕಣ್ಣು ಮುಚ್ಚಿದರೆ ಈ ದೇವರಿಗೆ ತುತ್ತು ಹಾಕುವವರು ಯಾರು?

ಅದಕ್ಕೇ ರೊಟ್ಟಿ ಕಲಿಸಲು ಕೂತಳು. ಹಿಟ್ಟು ನಾದುವುದಕ್ಕೇ ಒಂದು ಮಳೆಗಾಲ ಹೋಯಿತು. ಬಡಿಯುವುದಕ್ಕೆ ಇನ್ನೂ ಹೆಚ್ಚು. ಮಗಳ ಕೈಮೇಲೆ ತನ್ನ ಕೈಯಿಟ್ಟು ಬಡಿಸುವಳು. ದಿನವೂ ಅದೇ ಜಾಗ, ಹಿಟ್ಟು ನಾದಲು ಅದೇ ಪರಾತ. ಒಂದು ಬದಲಾದರೂ ಹುಡುಗಿ ಕಕ್ಕಾಬಿಕ್ಕಿ. ಆದರೆ ಒಮ್ಮೆ ಕಲಿತಳೆಂದರೆ ಮುಗಿಯಿತು, ತೋರಿಸಿದ್ದನ್ನು ತೋರಿಸಿದ ಹಾಗೇ ಮಾಡುವಳು, ಯಾರು ಬೇಡವೆಂದರೂ ಬಿಡಳು. ಮೊದಲ ರೊಟ್ಟಿ ಉಬ್ಬಿದ ದಿನ ತಾಯಿ ಮಗಳು ಒಲೆ ಮುಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಳ್ಳ ಅಮಾವಾಸ್ಯೆ ಬಂತು. ದೇವಕಮ್ಮ ಸಜ್ಜೆ ರೊಟ್ಟಿ ಬಡಿದು ಬುಟ್ಟಿ ತುಂಬಿಸಿದಳು. ಹಬ್ಬಕ್ಕೆಂದು ಮುದನಾಳದಿಂದ ಬಂದಿದ್ದ ಬೀಗರೂ ಜೊತೆಗೆ ಹೊಲಕ್ಕೆ ಬಂದರು. ಭೂಮಿತಾಯಿಗೆ ಎಡೆಯೆಂದು ಅಡುಗೆಯ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಹಣಮಂತಮ್ಮ ಮೊಮ್ಮಗಳ ರೊಟ್ಟಿಗಳನ್ನು ಬೇರೆ ತೆಗೆದು ಅವಳ ಕೈಗೇ ಕೊಟ್ಟಳು.

“ಇವು ಬೀಗರಿಗಿ ಬ್ಯಾಡ. ಎತ್ತಿಗಿ ಹಾಕಿ ಬಾರವ್ವ.”

ಹುಡುಗಿ ಹಾಕಿಬಂದಳು. ಅಜ್ಜಿ ಬೆನ್ನು ತಟ್ಟಿ ಜಾಣಿ ಎಂದಳು. ಬೀಜಕ್ಕೆ ಬೇಕಾದ ಕೈ ಊಟಕ್ಕೆ ಬೇಡವಾಯಿತೇ ಎಂದು ಕೇಳಬೇಕೆನಿಸಿದರೂ ಬೀಗರ ಮುಂದೆ ಮಾನ ಹೋಗುತ್ತದೆಂದು ಸಾಯಬಮ್ಮ ಹಲ್ಲು ಕಚ್ಚಿ ಸುಮ್ಮನಾದಳು. ಆ ಸುಮ್ಮನಿದ್ದದ್ದೇ ತಪ್ಪಾಯಿತು.

ಮರುದಿನ ಅವಳು ನಾಟಿ ಮುಗಿಸಿ ಬಂದಾಗ ಅತ್ತೆ ಹಸಿದು ವಟಗುಟ್ಟುತ್ತಿದ್ದಳು. ಒಲೆ ಉರಿದಿತ್ತು, ಬುಟ್ಟಿ ಬರಿದಾಗಿತ್ತು. ದೇವಕಮ್ಮ ಬಡಿದ ರೊಟ್ಟಿಯನ್ನೆಲ್ಲ ದನದ ಗೋದಲಿಗೆ ಹಾಕಿ, ಯಾರಾದರೂ ಜಾಣಿ ಎನ್ನಲೆಂದು ಅಲ್ಲೇ ನಗುತ್ತ ನಿಂತಿದ್ದಳು.

ಸಾಯಬಮ್ಮನ ಸಿಟ್ಟು ನೆತ್ತಿಗೇರಿತು. ತಾನು ಕೈಹಿಡಿದು ಇಷ್ಟು ಕಾಲ ಕಲಿಸಿದ್ದನ್ನು ಮುದುಕಿ ಒಂದೇ ಮಧ್ಯಾಹ್ನದಲ್ಲಿ ಹಾಳುಮಾಡಿದ್ದಳು. ಎತ್ತುಗಳು ತಿಂದು ಉಳಿಸಿದ ನಾಲ್ಕು ರೊಟ್ಟಿ ಆರಿಸಿ, ಹೊಟ್ಟು ಕೊಡವಿ, ಅತ್ತೆಯ ಮುಂದೆ ಇಟ್ಟಳು.

“ಕಲಿಸಿದೋರು ನೀವು. ಬಿಡಿಸೋರೂ ನೀವೇ. ಅಕಿ ಎದುರಿಗಿ ಕುಂತು ಉಣ್ರಿ.”

ಹಣಮಂತಮ್ಮ ತಲೆ ತಗ್ಗಿಸಿ ರೊಟ್ಟಿ ಮುರಿದಳು. ದೇವಕಮ್ಮ ಓಡಿಬಂದು ಅಜ್ಜಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಬ್ಯಾಡ ಆಯಿ, ಅದು ಎತ್ತಿಂದು,” ಎಂದು ಅಳತೊಡಗಿದಳು.