ಹನುಮಂತಮ್ಮ ಮುಟ್ಟಬಾರದಿದ್ದ ಪಟ್ಟಿ

ಹನುಮಂತಮ್ಮ ಹುಟ್ಟಿದ್ದು ಹೊನ್ನಾಳಿ ಸೀಮೆಯಲ್ಲಿ, ಕೊಟ್ಟಿದ್ದು ಜಗಳೂರು ಕಡೆಗೆ. ಗಂಡ ಬೀರಲಿಂಗಪ್ಪ ಕುರಿ ಹಿಂದೆ ಹೋಗುವವನು. ನಾಲ್ಕೆಕರೆ ಹೊಲದ ಉಸಾಬರಿಯೆಲ್ಲ ಇವಳದೇ. ನರಳುವ ಜೀವ ಕಣ್ಣಿಗೆ ಬಿದ್ದರೆ ಈಕೆಯ ಕೈ ಸುಮ್ಮನಿರುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ತಾಯಿ ಸತ್ತ ಕುರಿಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ಸೆರಗಿನಲ್ಲಿ ಸುತ್ತಿಕೊಂಡು ಕಳೆ ತೆಗೆಯಲು ಹೋಗುತ್ತಿದ್ದಳು.

ಕೃಷಿ ವಿಜ್ಞಾನಿ ಕಾವ್ಯಶ್ರೀ ತನ್ನ ಪ್ರಯೋಗಕ್ಕೆ ಇಂಥವಳ ಹೊಲವನ್ನೇ ಆರಿಸಿಕೊಂಡಳು. ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಹುಡುಗಿ. ಮೆಕ್ಕೆಜೋಳದ ಸುಳಿ ತಿನ್ನುವ ಸೈನಿಕ ಹುಳುವಿಗೇ ರೋಗ ಹತ್ತಿಸಿ ಕೊಲ್ಲುವ ಒಂದು ಬಗೆಯ ಬೂಷ್ಟಿನ ಪುಡಿಯ ಮೇಲೆ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಹೊಲದ ಒಂದು ಪಟ್ಟಿಗೆ ಪುಡಿ ಹಾಕುವುದು, ಪಕ್ಕದ ಪಟ್ಟಿಗೆ ಏನೂ ಹಾಕದೆ ಬಿಡುವುದು. ಇಷ್ಟೇ ಪ್ರಯೋಗ.

"ಅಮ್ಮಾ, ಈ ಪಟ್ಟಿ ಮಾತ್ರ ಮುಟ್ಟಬ್ಯಾಡ್ರಿ. ಹುಳ ತಿಂದ್ರೆ ತಿನ್ಲಿ."

"ಹಂಗಂದ್ರೆ ಹೆಂಗೆ ಮೇಡಮ್ಮಾ? ಬಿತ್ತಿದ ಮೇಲೆ ಅದೂ ಕೂಸೇ ಅಲ್ಲೇನು?"

"ಇದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ಕಂಡ್ರೇನೇ ಪುಡಿ ಕೆಲಸ ಮಾಡ್ತೈತೋ ಇಲ್ಲೋ ಗೊತ್ತಾಗೋದು."

ಹನುಮಂತಮ್ಮ ತಲೆಯಾಡಿಸಿದಳು. ಮೂರು ವಾರ ಮಾತಿಗೆ ತಪ್ಪಲಿಲ್ಲ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಆ ಪಟ್ಟಿಯ ಪಕ್ಕ ಹಾಯ್ದಳು. ಎಲೆಗಳು ಜರಡಿಯಂತೆ ತೂತಾಗಿದ್ದವು. ಸುಳಿಯೊಳಗಿಂದ ಹುಳ ತಲೆ ಹಾಕಿತ್ತು. ಒಂದೇ ಒಂದು ಅಂತ ಹಿಡಿದು ಹೊಸಕಿದಳು. ಆಮೇಲೆ ಆ ಸಾಲು ಮುಗಿಸಿದಳು. ಮರುದಿನ ಹುಳ ಹಾಕಿ ಸಾಯಿಸಲು ಕೈಯಲ್ಲಿ ಉಪ್ಪುನೀರಿನ ಚೊಂಬು ಹಿಡಿದೇ ಹೋದಳು.

ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಕಾವ್ಯಶ್ರೀ ಎಲೆ ತಿರುವಿ ನೋಡಿ, "ಇಲ್ಲೂ ಹುಳ ಕಮ್ಮಿ ಐತಲ್ಲಮ್ಮಾ!" ಅಂತ ಹುಬ್ಬು ಗಂಟಿಕ್ಕಿದಳು. ಹನುಮಂತಮ್ಮ ಮುಖ ಆ ಕಡೆ ಮಾಡಿ, "ಬಿಸಿಲಾಗೈತೆ, ಮಜ್ಜಿಗೆ ತರ್ತೀನಿ" ಅಂತ ಮನೆ ಕಡೆ ನಡೆದಳು.

ತೆನೆ ಬಲಿತ ಮೇಲೆ ಅದೇ ಹೊಲದಲ್ಲಿ, ರೈತರಿಗೆ ಬೆಳೆ ತೋರಿಸುವ ಕ್ಷೇತ್ರೋತ್ಸವ ಇಟ್ಟರು. ಶಾಮಿಯಾನ ಹಾಕಿ, ಸುತ್ತಲಿನ ಊರುಗಳ ರೈತರನ್ನು ಕರೆದಿದ್ದರು. ಪುಡಿಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಮುಂದೆ ಬಂದಿದ್ದ ಸಣ್ಣ ಕಂಪನಿಯೊಂದರ ಪ್ರವೀಣ್ ಕುಮಾರ್ ಕೂಡ ಮುಂದಿನ ಕುರ್ಚಿಯಲ್ಲಿದ್ದರು. ಕಾವ್ಯಶ್ರೀ ಎರಡೂ ಪಟ್ಟಿಯ ತೆನೆಗಳನ್ನು ಎತ್ತಿ ಹಿಡಿದಳು. ಅವಳ ದನಿ ಇಳಿದಿತ್ತು.

"ಇದ್ದದ್ದನ್ನ ಇದ್ದಂಗೇ ಹೇಳ್ಬೇಕು. ಎರಡರ ಇಳುವರೀಲಿ ಹೆಚ್ಚಿನ ವ್ಯತ್ಯಾಸ ಕಂಡಿಲ್ಲ."

ಪ್ರವೀಣ್ ಕುಮಾರ್ ಬೇಸರದಿಂದಲೇ ಅಂದರು: "ಹಂಗಾದ್ರೆ ನಾವು ಇದನ್ನ ತಯಾರು ಮಾಡೋದ್ರಲ್ಲಿ ಅರ್ಥ ಇಲ್ಲ ಮೇಡಂ."

ಹೆಂಗಸರ ಸಾಲಿನಲ್ಲಿ ಕೂತಿದ್ದ ಹನುಮಂತಮ್ಮ ಆ ಮಾತು ಕೇಳಿದಳು. ಪಾಪ ಅಂತ ಮಾಡಿದ ಕೆಲಸ ಇಲ್ಲಿಗೆ ಬಂದು ನಿಂತಿತ್ತು. ಆ ಹುಡುಗಿಯ ಮೂರು ವರ್ಷ ಮಣ್ಣುಪಾಲು. ಅದಷ್ಟೇ ಅಲ್ಲ, ಈ ಮಾತು ನಾಳೆ ಊರೂರಿಗೆ ಹೋಗುತ್ತದೆ. ಎಲ್ಲೆಲ್ಲೋ ಯಾರದೋ ಬೆಳೆ ಹುಳದ ಪಾಲಾಗುತ್ತದೆ. ಎದ್ದು ನಿಂತಳು.

"ಪುಡಿ ಸುಳ್ಳಲ್ರೀ. ಸುಳ್ಳಾಗಿದ್ದು ನಾನು. ದಿನಾ ಬೆಳಿಗ್ಗೆ ಆ ಪಟ್ಟಿ ಹುಳಾನೆಲ್ಲ ನಾನೇ ಆರಿಸ್ತಿದ್ದೆ. ನೋಡಾಕೆ ಆಗ್ಲಿಲ್ಲ."

ತಲೆಗಳೆಲ್ಲ ಇವಳ ಕಡೆ ತಿರುಗಿದವು. ಆಮೇಲೆ ಗಂಡಸರ ಕಡೆಯಿಂದ ನಗೆ ಎದ್ದಿತು. ಬೀರಲಿಂಗಪ್ಪ ಮಾತ್ರ ನಗಲಿಲ್ಲ. "ಅವಳ ಗುಣಾನೇ ಹಂಗೆ ಸ್ವಾಮಿ. ಬೈಬ್ಯಾಡ್ರಿ" ಅಂತ ಕೈಮುಗಿದ.

ಊಟದ ಹೊತ್ತಿಗೆ ಹನುಮಂತಮ್ಮ ಬದುವಿನ ಬೇವಿನ ಮರದ ಕೆಳಗೆ ಒಬ್ಬಳೇ ಕೂತಿದ್ದಳು. ಕಾವ್ಯಶ್ರೀ ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಹನುಮಂತಮ್ಮ ಬೈಗುಳಕ್ಕೆ ತಲೆ ಬಗ್ಗಿಸಿದಳು.

"ಯಾವ ಹೊತ್ತಿಗೆ ಆರಿಸ್ತಿದ್ರಿ?" ಅಂತ ಕೇಳಿದಳು ಹುಡುಗಿ.

"ಆಂ?"

"ಹುಳ. ಯಾವ ಹೊತ್ತಿಗೆ?"

"ಬೆಳಕು ಹರಿಯೋ ಹೊತ್ಗೆ ಕಣವ್ವಾ. ಆಗ ಮೇಲಕ್ಕೆ ಬಂದಿರ್ತಾವೆ. ಬಿಸಿಲು ಬಿತ್ತಂದ್ರೆ ಸುಳಿಯೊಳಗೆ ಇಳೀತಾವೆ. ಎಲೆಗೆ ಹತ್ತಿ ಅಂಟಿದಂಗೆ ಮೊಟ್ಟೆ ಗುಂಪು ಇರ್ತೈತೆ. ಅದನ್ನ ಉಜ್ಜಿಬಿಟ್ರೆ ನೂರು ಹುಳ ಹುಟ್ಟೋದೇ ಇಲ್ಲ."

ಕಾವ್ಯಶ್ರೀ ಚೀಲದಿಂದ ಪುಸ್ತಕ ತೆಗೆದು, ಪಕ್ಕದಲ್ಲೇ ಮಣ್ಣಿನ ಮೇಲೆ ಕೂತು ಬರೆದುಕೊಂಡಳು. ಕೇಳುವುದು ಮುಗಿಯುವಷ್ಟರಲ್ಲಿ ಅನ್ನ ಸಾರು ಆರಿಹೋಗಿತ್ತು. ಆರಿದ್ದನ್ನೇ ಇಬ್ಬರೂ ಒಟ್ಟಿಗೆ ಉಂಡರು. ಇನ್ನೊಂದು ವರ್ಷ ಕಾಯಲು ಪ್ರವೀಣ್ ಕುಮಾರ್ ಒಪ್ಪಿಕೊಂಡು ಹೋದರು.

ಮರುವರ್ಷ ಮೂರು ಪಟ್ಟಿ. ಒಂದಕ್ಕೆ ಪುಡಿ, ಒಂದಕ್ಕೆ ಹನುಮಂತಮ್ಮನ ಕೈ, ಇನ್ನೊಂದಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ ಪಟ್ಟಿಯೇ ಅವಳಿಗೆ ಕಷ್ಟಕ್ಕೆ ಬಂದದ್ದು. ಹೊಲಕ್ಕೆ ಸುತ್ತುದಾರಿ ಹಿಡಿದಳು. ಒಂದು ದಿನ ಮಾತ್ರ ಎದುರಿಗೇ ನಿಂತು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ನೀವು ಉಳೀಲಿಲ್ಲ ಅಂದ್ರೂ ನಿಮ್ಮಿಂದ ಊರೋರ ಬೆಳೆ ಉಳೀತೈತೆ ಕಣ್ರಪ್ಪಾ" ಅಂತ ಪೈರಿಗೆ ಹೇಳಿ, ಕಣ್ಣೊರೆಸಿಕೊಂಡು ಬಂದಳು.

ಕೊಯ್ಲಿನಲ್ಲಿ ಎಲ್ಲ ಬಯಲಾಯಿತು. ಮುಟ್ಟದ ಪಟ್ಟಿಯಲ್ಲಿ ಅರ್ಧಕ್ಕರ್ಧ ತೆನೆಯೂ ನೆಟ್ಟಗಿರಲಿಲ್ಲ. ಪುಡಿಯ ಪಟ್ಟಿ ತುಂಬಿ ನಿಂತಿತ್ತು. ಕೈಯಲ್ಲಿ ಆರಿಸಿದ ಪಟ್ಟಿ ಅದಕ್ಕಿಂತ ತುಸು ಹಿಂದೆ, ಅಷ್ಟೇ. "ಕೈಕೆಲಸ ಅರ್ಧ ಎಕರೆಗೆ ಸರಿ, ನಾಲ್ಕೆಕರೆಗೆ ನನ್ನ ಸೊಂಟ ಬಿದ್ದೋಗ್ತೈತೆ" ಅಂತ ಹನುಮಂತಮ್ಮನೇ ತೀರ್ಪು ಕೊಟ್ಟಳು. ಕಂಪನಿ ಪುಡಿ ತಯಾರಿಸಲು ಕೈ ಹಾಕಿತು. ಹುಳ ಆರಿಸುವ ಹೊತ್ತನ್ನೂ ಮೊಟ್ಟೆ ಉಜ್ಜುವುದನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕು ಅಂತ ಕಾವ್ಯಶ್ರೀ ಹಟ ಹಿಡಿದಳು, ಹಾಕಿಸಿದಳು.

ಆಮೇಲೆ ರೈತರ ಸಭೆ ಎಲ್ಲಿದ್ದರೂ ಹುಡುಗಿ ಹನುಮಂತಮ್ಮನನ್ನು ಕರೆದುಕೊಂಡೇ ಹೋದಳು. ನ್ಯಾಮತಿಯಲ್ಲಿ ಮೈಕು ಇವಳ ಕೈಗೆ ಬಂತು. ಏನು ಹೇಳಬೇಕೋ ತಿಳಿಯದೆ ತನ್ನ ತಪ್ಪಿನಿಂದಲೇ ಶುರು ಮಾಡಿದಳು. ಜನ ಮೊದಲು ನಕ್ಕರು, ಆಮೇಲೆ ಕಿವಿಗೊಟ್ಟರು. ಸೂರಗೊಂಡನಕೊಪ್ಪದ ಕಡೆಯ ಹೆಣ್ಣುಮಗಳೊಬ್ಬಳು ಹುಳ ತಿಂದ ಎಲೆ ತಂದು ತೋರಿಸಿದಳು. ಹೊನ್ನಾಳಿಯಲ್ಲಿ ತವರಿನವರೆಲ್ಲ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು.

ಚನ್ನಗಿರಿಯ ಸಭೆ ಮುಗಿದ ಮೇಲೆ ಕಾವ್ಯಶ್ರೀ ಅವಳನ್ನು ನಲ್ಲೂರಿನ ತನ್ನ ಮನೆಗೆ ಕರೆದೊಯ್ದಳು. ಹುಡುಗಿಯ ತಾಯಿ ಸುಚಿತ್ರಾ ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಮಗಳಿಗೆ ತುಂಬುವ ಹಾಗೆ ಉಡಿ ತುಂಬಿದರು.

"ನನ್ನ ಮಗಳ ಮೂರು ವರ್ಷ ಉಳಿಸಿಕೊಟ್ರಿ ಕಣ್ರಕ್ಕಾ" ಅಂದರು.

ಹನುಮಂತಮ್ಮ ಉಡಿಯ ಅಕ್ಕಿ ಚೆಲ್ಲದಂತೆ ಸೆರಗು ಬಿಗಿಹಿಡಿದು, "ಕೆಡಿಸಿದ್ದೂ ನಾನೇ ತಾಯೀ" ಅಂದಳು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.